ಹುನಗುಂದ ರಸ್ತೆಯಲ್ಲಿ ವೈನಿ

ಹರಳೆಣ್ಣೆಗೆ ಕರ್ಪೂರ ಹಾಕಿ ಕಾಸಿದರೆ ಒಂದು ವಾಸನೆ ಬರುತ್ತದೆ. ಪೂರ್ತಿ ಔಷಧಿಯದೂ ಅಲ್ಲ, ಪೂರ್ತಿ ದೇವರ ಕೋಣೆಯದೂ ಅಲ್ಲ. ಮೊನ್ನೆ ಮೊಣಕಾಲು ಹಿಡಿದುಕೊಂಡಿತೆಂದು ಸಣ್ಣ ಬಟ್ಟಲಲ್ಲಿ ಎಣ್ಣೆ ಕಾಸುತ್ತಿದ್ದೆ. ಕರ್ಪೂರ ಕರಗುತ್ತಿದ್ದಂತೆ ಆ ವಾಸನೆ ಅಡುಗೆಮನೆ ತುಂಬಿತು. ಉರಿ ಸಣ್ಣದು ಮಾಡುವುದನ್ನೂ ಮರೆತು ಹಾಗೇ ನಿಂತುಬಿಟ್ಟೆ. ಇಳಕಲ್ಲಿನ ನಮ್ಮ ಓಣಿ, ಪಕ್ಕದ ಮನೆಯ ಕಟ್ಟೆ, ಕೆಸರು ಮೆತ್ತಿದ ಕಾಲುಗಳು... ಮತ್ತು ವೈನಿ.

ನಮ್ಮ ಕಡೆ ಅಣ್ಣನ ಹೆಂಡತಿಯನ್ನು ವೈನಿ ಅನ್ನುತ್ತೇವೆ. ನನಗೆ ಸ್ವಂತ ಅಣ್ಣನಿರಲಿಲ್ಲ. ಪಕ್ಕದ ಮನೆಯ ಮಗನನ್ನು ಅಣ್ಣಾ ಎಂದು ಕರೆಯುತ್ತಿದ್ದೆನಾದ್ದರಿಂದ ಅವನು ಮದುವೆಯಾಗಿ ಕರೆತಂದವರು ನನಗೆ ವೈನಿಯಾದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಣ್ಣ ಸೊಲ್ಲಾಪುರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಹಬ್ಬಕ್ಕೆ ಹುಣ್ಣಿಮೆಗೆ ಬಂದು ಹೋಗುತ್ತಿದ್ದ. ಮನೆಯಲ್ಲಿ ವೈನಿ ಮತ್ತು ಅವರ ಅತ್ತೆ ಇಬ್ಬರೇ. ಅತ್ತೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರು, ವೈನಿ ನೂಲು ಸುತ್ತಿ ಕೊಡುತ್ತಿದ್ದರು. ಮಗ್ಗದ ಸದ್ದು ನಿಂತರೆ ಅತ್ತೆ ಊಟಕ್ಕೆ ಎದ್ದರು ಎಂದು ನಮ್ಮ ಮನೆಯಲ್ಲಿ ಗೊತ್ತಾಗುತ್ತಿತ್ತು.

ವೈನಿ ಬಾದಾಮಿಯವರು. ಮದುವೆಯಾಗಿ ಬಂದ ಹೊಸದರಲ್ಲಿ ಬಹಳ ಮಾತಾಡುತ್ತಿದ್ದರು. ಅವರ ಅಜ್ಜಿ ಸೋಮವಾರ ಸೋಮವಾರ ಮಹಾಕೂಟದ ಗುಡಿಗೆ ಹೂವು ಮಾರಲು ಹೋಗುತ್ತಿದ್ದರಂತೆ. ಹೊಂಡದ ಹತ್ತಿರ ಒಳ್ಳೆಯ ಜಾಗ ಹಿಡಿಯಬೇಕು ಎಂದರೆ ಬೇರೆಯವರಿಗಿಂತ ಮೊದಲು ಮುಟ್ಟಬೇಕು. ಹೀಗಾಗಿ ಬುಟ್ಟಿ ಹೊತ್ತುಕೊಂಡು ಗುಡ್ಡದ ಕಾಲುದಾರಿಯಲ್ಲಿ ಓಡುವುದು ಆಗ ಚಿಕ್ಕವರಿದ್ದ ವೈನಿಯ ಪಾಲಿಗೆ ಬಂದಿತ್ತು. ಆಮೇಲೆ ಶಾಲೆಯಲ್ಲೂ ಓಡಿದರು, ತಾಲೂಕಿನ ಆಟಗಳಲ್ಲಿ ಗೆದ್ದರು. ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ರಾಟೆ ತಿರುಗಿಸುತ್ತ ನನಗೆ ಹೇಳುತ್ತಿದ್ದರು. ನಾನೂ ಶಾಲೆಯಲ್ಲಿ ಓಡುತ್ತಿದ್ದೆ. ನಮ್ಮಿಬ್ಬರ ಸ್ನೇಹ ಬೆಳೆದದ್ದು ಹಾಗೆ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಅವರಿಗೆ ಹೆರಿಗೆಯಾಯಿತು. ಕೂಸು ಉಳಿಯಲಿಲ್ಲ. ಗಂಡು ಕೂಸು ಎಂದು ಅಮ್ಮ ಮೆತ್ತಗೆ ಹೇಳಿದ್ದು ನೆನಪಿದೆ. ದವಾಖಾನೆಯಿಂದ ಬಂದ ಮೇಲೆ ವೈನಿ ಅತ್ತದ್ದನ್ನು ಯಾರೂ ನೋಡಲಿಲ್ಲ. ಅವರು ಹೊಸ್ತಿಲು ದಾಟುವುದನ್ನೇ ಬಿಟ್ಟರು. ಕಟ್ಟೆಯಲ್ಲಿದ್ದ ರಾಟೆ ಒಳಗೆ ಹೋಯಿತು. ನಾನು ಹೋದರೆ ಕೂಡು ಎನ್ನುತ್ತಿದ್ದರು, ಆಮೇಲೆ ಮಾತಿಲ್ಲ. ಅವರ ಅತ್ತೆಯೂ ಮೊದಲಿನಿಂದ ಕಡಿಮೆ ಮಾತಿನವರು. ಆ ಮನೆಯಲ್ಲಿ ಮಗ್ಗವೊಂದೇ ಮಾತಾಡುತ್ತಿತ್ತು.

ಮರುವರ್ಷ ಶ್ರಾವಣದಲ್ಲಿ ಊರಿನ ತರುಣರ ಸಂಘದವರು ಓಟದ ಸ್ಪರ್ಧೆ ಇಟ್ಟರು. ಗಂಡಸರಿಗೆ ಹುನಗುಂದದಿಂದ ಇಳಕಲ್ಲಿನವರೆಗೆ. ಹೆಂಗಸರಿಗೂ ಒಂದು ಇರಲಿ ಎಂದು, ಅದೇ ರಸ್ತೆಯಲ್ಲಿ ಹಳ್ಳದ ಆಚೆಗಿನ ಬೇವಿನಮರದಿಂದ ಬಸ್ ನಿಲ್ದಾಣದವರೆಗೆ. ಒಂಬತ್ತನೆಯ ಇಯತ್ತೆಯಲ್ಲಿದ್ದ ನಾನು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ಇನ್ನೂ ಕೆಲವು ಹುಡುಗಿಯರು ಕೊಟ್ಟಿದ್ದರು. ಆದರೆ ಓಟದ ವಾರ ಜಡಿಮಳೆ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ನೆಗಡಿ, ಜ್ವರ, ಮನೆಯಲ್ಲಿ ಒಲ್ಲೆ ಅಂದರು ಎನ್ನುತ್ತ ಒಬ್ಬೊಬ್ಬರೇ ಹಿಂದೆ ಸರಿದರು. ಓಟದ ದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿ ಕೊಡೆ ಹಿಡಿದು ನಮ್ಮ ಬಾಗಿಲಿಗೆ ಬಂದು, ಒಬ್ಬಳೇ ಓಡಿದರೆ ಅದು ಓಟ ಆಗುವುದಿಲ್ಲವೆಂದೂ ಕಡೇಪಕ್ಷ ಇಬ್ಬರಾದರೂ ಬೇಕೆಂದೂ ನಮ್ಮ ತಂದೆಗೆ ಹೇಳಿದ. ನಾನು ಬಾಗಿಲ ಹಿಂದೆ ನಿಂತು ಅಳತೊಡಗಿದೆ. ಸಣ್ಣ ದನಿಯ ಅಳುವಲ್ಲ ಅದು, ಓಣಿಗೆಲ್ಲ ಕೇಳುವಂಥದ್ದು.

ಆಗ ಪಕ್ಕದ ಮನೆಯ ಬಾಗಿಲು ತೆರೆಯಿತು. ವೈನಿ ಹೊಸ್ತಿಲ ಒಳಗೇ ನಿಂತಿದ್ದರು.

"ಇಬ್ಬರಾದ್ರ ಓಟ ಆಗ್ತದಲ್ಲರಿ?" ಎಂದು ಕಾರ್ಯದರ್ಶಿಯನ್ನು ಕೇಳಿದರು. "ನಾ ಬರ್ತೇನಿ."

ಮಗ್ಗದ ಸದ್ದು ನಿಂತಿತು. ನಮ್ಮಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದಳು, ಈಗ ಜಗಳವಾಗುತ್ತದೆ ಎಂದುಕೊಂಡಳೇನೋ. ಅತ್ತೆ ಕುಣಿಯಿಂದ ಎದ್ದು ಬಂದು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. ಅವರನ್ನು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ವೈನಿ ಹೊರಗೆ ಬಂದಾಗ ಅತ್ತೆಯ ಹಳೆಯ ಸೀರೆ ಉಟ್ಟಿದ್ದರು, ಹೊಲಕ್ಕೆ ಹೋಗುವ ಹೆಂಗಸರಂತೆ ಬಿಗಿಯಾಗಿ ಕಚ್ಚೆ ಹಾಕಿ. ಅತ್ತೆ ಹಿಂದಿನಿಂದ ಕಚ್ಚೆಯನ್ನು ಇನ್ನೊಮ್ಮೆ ಎಳೆದು ನೋಡುತ್ತಿದ್ದರು.

"ಹೋಗೋದಾದ್ರ ನೆಟ್ಟಗ ಹೋಗು," ಎಂದರು. "ಸೀರಿ ಕಾಲಾಗ ಸಿಗಬಾರ್ದು."

ಸಂಘದ ಟೆಂಪೋ ನಮ್ಮನ್ನೂ ಕಾರ್ಯದರ್ಶಿಯನ್ನೂ ಅವನ ಸೈಕಲ್ಲನ್ನೂ ಬೇವಿನಮರದ ಹತ್ತಿರ ಇಳಿಸಿ ಗಂಡಸರನ್ನು ನೋಡಲು ಹುನಗುಂದದ ಕಡೆ ಹೋಯಿತು. ಗಾಳಿ ಎಂಥದೆಂದರೆ ಕಾರ್ಯದರ್ಶಿಯ ಕೊಡೆ ಮೇಲುಮುಖವಾಗಿ ಮಡಚಿಕೊಂಡಿತ್ತು. ಅವನು ಸೀಟಿ ಊದಿದ, ನಾವು ಓಡಿದೆವು. ಸೈಕಲ್ಲಿನಲ್ಲಿ ಹಿಂದೆ ಬರುತ್ತೇನೆಂದವನು ಎರೆಮಣ್ಣು ಕೊಚ್ಚಿ ರಸ್ತೆಗೆ ಬಂದಿದ್ದ ಕಡೆ ಜಾರಿ ಬಿದ್ದ. ಎದ್ದು ನಿಂತು ಏನೋ ಕೂಗಿದ. ಸಾಕು, ನಿಲ್ಲಿಸಿ ಎಂದಿರಬೇಕು. ನಮಗೆ ಗಾಳಿಯಲ್ಲಿ ಸರಿಯಾಗಿ ಕೇಳಲಿಲ್ಲ. ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಮೊದಮೊದಲು ವೈನಿ ನನ್ನ ಹಿಂದೆ ಇದ್ದರು. ಅವರ ಉಸಿರು ದೊಡ್ಡದಾಗಿ ಕೇಳುತ್ತಿತ್ತು. ಎಷ್ಟೋ ತಿಂಗಳು ಮನೆಯೊಳಗೇ ಕೂತ ಮೈ ಅದು. ಪಾಪ, ನನಗಾಗಿ ಬಂದಿದ್ದಾರೆ, ಎಲ್ಲಿಯಾದರೂ ಕುಸಿದರೆ ಏನು ಗತಿ ಎಂದು ನಾನು ತಿರುಗಿ ತಿರುಗಿ ನೋಡುತ್ತಿದ್ದೆ. ಹಳ್ಳದ ಹತ್ತಿರ ಬಂದಾಗ ನೆಲಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಟೆಂಪೋದಲ್ಲಿ ಬರುವಾಗ ಇರದಿದ್ದ ನೀರು. ನಾನು ಹೆದರಿ ನಿಂತೆ. ವೈನಿ ಮುಂದೆ ಬಂದು ಒಂದು ಕಾಲಿಟ್ಟು ಆಳ ನೋಡಿದರು. ಮೊಣಕಾಲಿಗಿಂತ ಕೆಳಗೇ ಇತ್ತು. ನನ್ನ ಕೈ ಹಿಡಿದು, ಅಂಚಿನ ಗುರುತಿನ ಕಲ್ಲುಗಳನ್ನು ನೋಡುತ್ತ, ಒಂದೊಂದೇ ಹೆಜ್ಜೆಯಿಟ್ಟು ದಾಟಿಸಿದರು. ನೀರು ಕಾಲನ್ನು ಎಳೆಯುತ್ತಿತ್ತು. ಅವರ ಕೈ ಮಾತ್ರ ಕಬ್ಬಿಣದ ಹಾಗಿತ್ತು.

ಆಚೆ ದಂಡೆಯಲ್ಲಿ ಕೈ ಬಿಟ್ಟರು. ಮುಖದ ಮೇಲಿನ ನೀರು ಒರೆಸಿಕೊಂಡು ಹೇಳಿದರು: "ಇಲ್ಲೀತನಕ ನಿನ್ನ ಸಲುವಾಗಿ ಬಂದೆ, ತಂಗಿ. ಇನ್ನ ಮುಂದ ನನ್ನ ಸಲುವಾಗಿ ಓಡ್ತೇನಿ. ನೀನೂ ಬಿಡಬ್ಯಾಡ."

ಹೇಳಿ ಓಡಿಯೇ ಬಿಟ್ಟರು.

ಆ ಓಟವನ್ನು ಹೇಗೆ ಹೇಳಲಿ... ಮಳೆ ಜೋಳದ ಕಾಳು ಎರಚಿದ ಹಾಗೆ ಮುಖಕ್ಕೆ ಬಡಿಯುತ್ತಿತ್ತು. ನನ್ನ ಕ್ಯಾನ್ವಾಸ್ ಬೂಟಿನಲ್ಲಿ ನೀರು ತುಂಬಿ ಪಚಕ್ ಪಚಕ್ ಎನ್ನುತ್ತಿತ್ತು. ಅವರು ಬರಿಗಾಲಲ್ಲಿದ್ದರು. ಕಚ್ಚೆಯ ಕೆಂಪು ಅಂಚು, ಕೆಸರಿನ ಹಿಮ್ಮಡಿ, ಬೆನ್ನ ಮೇಲೆ ಬಿಚ್ಚಿ ಬಿದ್ದ ಜಡೆ, ನನಗೆ ಕಂಡದ್ದು ಅಷ್ಟೇ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳು ಶುರುವಾಗುವಲ್ಲಿ ಹಲ್ಲು ಕಚ್ಚಿ ಅವರನ್ನು ದಾಟಿದೆ. ಅವರು ನಕ್ಕರೋ ಬಿಕ್ಕಿದರೋ ತಿಳಿಯಲಿಲ್ಲ, ಗಂಟಲಿನಿಂದ ಒಂದು ಸದ್ದು ಬಂತು. ಸ್ವಲ್ಪ ದೂರದಲ್ಲೇ ಮತ್ತೆ ನನ್ನನ್ನು ದಾಟಿಹೋದರು. ಆಮೇಲೆ ನನಗೆ ಸಿಗಲಿಲ್ಲ.

ಬಸ್ ನಿಲ್ದಾಣದಲ್ಲಿ ಹಗ್ಗವೂ ಇಲ್ಲ, ಹಾರವೂ ಇಲ್ಲ. ಚಪ್ಪರ ನೆಲಕ್ಕೆ ಬಿದ್ದಿತ್ತು, ಸಂಘದವರೆಲ್ಲ ಎಲ್ಲೆಲ್ಲೋ ಮಳೆಗೆ ಮರೆಯಾಗಿದ್ದರು. ಗಂಡಸರಲ್ಲಿ ಬಹಳಷ್ಟು ಮಂದಿ ಅರ್ಧದಲ್ಲೇ ಲಾರಿ ಹತ್ತಿದರೆಂದು ಆಮೇಲೆ ಗೊತ್ತಾಯಿತು. ವೈನಿ ಒಂದು ಕಂಬ ಹಿಡಿದು ಬಗ್ಗಿ ಉಸಿರಾಡುತ್ತಿದ್ದರು. ನಾನು ಬಂದು ಅವರ ಪಕ್ಕದಲ್ಲಿ ಕುಸಿದೆ. ನಮ್ಮನ್ನು ನೋಡಿದ ಚಹದಂಗಡಿಯವನು ಗಾಬರಿಯಿಂದ ಹೊರಗೆ ಬಂದ.

"ಯಾಕ್ರೀ ಅಕ್ಕಾ, ಏನಾತು? ಮನ್ಯಾಗ ಯಾರಿಗರ ಹುಷಾರಿಲ್ಲೇನು?"

"ಎಲ್ಲಾರೂ ಹುಷಾರದಾರ್ರಿ," ಎಂದರು ವೈನಿ. "ಓಟ ಅದ."

ಹೇಳಿ ನಗತೊಡಗಿದರು. ಕಂಬವನ್ನು ತಬ್ಬಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಸೋತ ನನಗೂ ನಗು ತಡೆಯಲಾಗಲಿಲ್ಲ. ಚಹದಂಗಡಿಯವನು ನಮ್ಮಿಬ್ಬರನ್ನೂ ನೋಡುತ್ತ ನಿಂತ, ಆಮೇಲೆ ಒಳಗೆ ಹೋಗಿ ಎರಡು ಬಿಸಿ ಚಹ ತಂದುಕೊಟ್ಟ.

ಮನೆಗೆ ಬಂದರೆ ಅತ್ತೆ ಗೋಣಿಚೀಲದ ಕೊಪ್ಪೆ ಹೊದ್ದು ಓಣಿಯ ತುದಿಯಲ್ಲಿ ನಿಂತಿದ್ದರು. ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ಕೂಡಿಸಿ, ಹರಳೆಣ್ಣೆಗೆ ಕರ್ಪೂರ ಹಾಕಿ ಕಾಸಿ ತಂದರು. ನನ್ನ ಕಾಲಿಗೆ ತಿಕ್ಕಿದ ಮೇಲೆ ಸೊಸೆಯ ಕಾಲು ಹಿಡಿದರು. ಅತ್ತೆ ಸೊಸೆಯ ಕಾಲು ಮುಟ್ಟುವುದುಂಟೇ? ವೈನಿ ಗಡಬಡಿಸಿ ಕಾಲು ಎಳೆದುಕೊಂಡರು. ಅತ್ತೆ ಬಿಡಲಿಲ್ಲ. ಕಲ್ಲು ಚುಚ್ಚಿ ಹರಿದಿದ್ದ ಅಂಗಾಲಿಗೆ ಮೆಲ್ಲಗೆ ಎಣ್ಣೆ ಸವರಿದರು. ಆಗ ವೈನಿ ಅತ್ತರು. ಅಷ್ಟು ತಿಂಗಳ ಮೇಲೆ ಮೊದಲ ಸಲ, ಅತ್ತೆಯ ಹೆಗಲ ಮೇಲೆ ತಲೆಯಿಟ್ಟು.

"ಅಳು," ಎಂದರು ಅತ್ತೆ. "ಅವತ್ತ ಅಳಬೇಕಾಗಿತ್ತು ನೀ. ನಾನೂ ಅಳಬೇಕಾಗಿತ್ತು."

ಸಂಘದವರು ಆ ಓಟ ರದ್ದಾಯಿತೆಂದು ಸಾರಿದರು, ಮತ್ತೆ ಎಂದೂ ಇಡಲಿಲ್ಲ. ನಮಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಮಳೆಗಾಲ ಮುಗಿಯುವವರೆಗೆ ಬೆಳಗಿನ ಹೊತ್ತು ಇಬ್ಬರೂ ಅದೇ ರಸ್ತೆಯಲ್ಲಿ ಹಳ್ಳದವರೆಗೆ ಓಡಿ ಬರುತ್ತಿದ್ದೆವು. ರಸ್ತೆಯ ಪಕ್ಕ ಸಜ್ಜೆ ತೆನೆ ಬಿಟ್ಟಿತ್ತು. ಅವರು ಮತ್ತೆ ಮಾತಾಡತೊಡಗಿದ್ದರು. ಒಂದು ದಿನವೂ ನನಗೆ ಬಿಟ್ಟುಕೊಡಲಿಲ್ಲ, ಒಂದೇ ಒಂದು ದಿನವೂ... ನನ್ನ ಬದುಕಿನಲ್ಲಿ ಅಷ್ಟು ಹಗುರವಾದ ದಿನಗಳು ಮತ್ತೆ ಬರಲಿಲ್ಲ.

ದೀಪಾವಳಿಗೆ ಬಂದ ಅಣ್ಣ, ಸೊಲ್ಲಾಪುರದಲ್ಲಿ ಖೋಲಿ ಸಿಕ್ಕಿದೆಯೆಂದು ವೈನಿಯನ್ನು ಕರೆದುಕೊಂಡು ಹೋದ. ಬಸ್ಸಿನ ಕಿಟಕಿಯಿಂದ ಅವರು ನನ್ನ ಕೆನ್ನೆ ಸವರಿ, ದಿನಾ ಓಡಬೇಕು ಎಂದು ಹೇಳಿದರು. ಆಗಲಿ ಎಂದೆ. ಒಬ್ಬಳೇ ಕೆಲವು ದಿನ ಓಡಿ ನೋಡಿದೆ, ಆಗಲಿಲ್ಲ. ಕೆಲ ವರ್ಷಗಳ ಮೇಲೆ ನನ್ನ ಮದುವೆಯಾಗಿ ಹುನಗುಂದಕ್ಕೆ ಬಂದೆ. ವೈನಿಯ ಅತ್ತೆ ತೀರಿಕೊಂಡಾಗ ಅವರು ಇಳಕಲ್ಲಿಗೆ ಬಂದಿದ್ದರಂತೆ. ಆಗ ನಾನು ಬಾಣಂತಿ, ನನ್ನವರೆಗೆ ಸುದ್ದಿ ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಮಿಲ್ಲು ಮುಚ್ಚಿತು, ಪುಣೆಯ ಕಡೆ ಹೋದರು ಎಂದು ಯಾರೋ ಅಂದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಇಳಕಲ್ಲಿನಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಕೀಲಿ ತೆಗೆದು ಒಬ್ಬ ಹೆಣ್ಣುಮಗಳು ಒಳಗೆ ನೋಡುತ್ತ ನಿಂತಿದ್ದಳು. ಮಗ್ಗದ ಕುಣಿ ಅರ್ಧ ಮಣ್ಣು ತುಂಬಿತ್ತು. ಅವಳ ಹುಬ್ಬು ವೈನಿಯದೇ, ನೋಡಿದ ಕೂಡಲೇ ಯಾರ ಮಗಳೆಂದು ತಿಳಿಯಿತು. ಅವಳ ತಾಯಿ ತೀರಿಕೊಂಡು ಆಗಲೇ ಬಹಳ ದಿನಗಳಾಗಿದ್ದವು. ಕಡೆಕಡೆಗೆ ಮಂಚ ಬಿಟ್ಟು ಏಳಲು ಆಗುತ್ತಿರಲಿಲ್ಲವಂತೆ. ನಿಮ್ಮವ್ವ ಭಾಳ ಚೆನ್ನಾಗಿ ಓಡುತ್ತಿದ್ದರು ಎಂದೆ. ಅವಳು ನಂಬಲಿಲ್ಲ.

"ನಮ್ಮವ್ವ ಏನ್ರಿ? ಬಸ್ಸಿಗೂ ಓಡ್ತಿರಲಿಲ್ಲ. ಒಂದು ಬಸ್ ಹೋದ್ರ ಇನ್ನೊಂದು ಬರ್ತದ ಅಂತಿದ್ಲು."

ಅದೇ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಕೂಸಿನ ಮಾತನ್ನೂ ಹೇಳಿದೆ. ತನಗಿಂತ ಮೊದಲು ಒಬ್ಬ ಅಣ್ಣ ಹುಟ್ಟಿದ್ದನೆಂದು ಅವಳಿಗೆ ಗೊತ್ತಿತ್ತು, ಓಟದ ಸುದ್ದಿ ಮಾತ್ರ ಗೊತ್ತಿರಲಿಲ್ಲ. ಯಾರು ಗೆದ್ದದ್ದು ಎಂದು ಕೇಳಿದಳು. ನಿಮ್ಮವ್ವ ಎಂದೆ.

"ನೀವು ಬಿಟ್ಟುಕೊಟ್ರೇನ್ರಿ?"

"ಇಲ್ಲವ್ವಾ," ಎಂದೆ. "ಜೀವಾ ಬಿಟ್ಟು ಓಡಿದ್ದೆ ನಾ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆ ಮನೆ ಈಗ ಬೇರೆಯವರದು. ಹಳ್ಳದ ಮೇಲೆ ಎತ್ತರದ ಸೇತುವೆಯಾಗಿದೆ, ಬಸ್ಸಿನಲ್ಲಿ ಕೂತವರಿಗೆ ಕೆಳಗಿನ ನೀರು ಕಾಣುವುದೂ ಇಲ್ಲ. ಹುನಗುಂದಕ್ಕೂ ಇಳಕಲ್ಲಿಗೂ ತಿಂಗಳಿಗೊಮ್ಮೆ ನಾನು ಹೋಗಿಬರುತ್ತೇನೆ. ಮಳೆಯಿದ್ದ ದಿನ ಕಿಟಕಿಯ ಪಕ್ಕ ಕೂಡುತ್ತೇನೆ. ಎಲ್ಲರೂ ಗಾಜು ಸರಿಸಿ ಮುಚ್ಚಿಕೊಳ್ಳುತ್ತಾರೆ. ನಾನು ಸ್ವಲ್ಪ ತೆರೆದೇ ಇಡುತ್ತೇನೆ, ಪಕ್ಕದವರು ಬೈಯುವವರೆಗೆ...