ಬೆನ್ನಿಗೊಂದು ಬಾಣಂತನ

ಆ ದಿನವೂ ಎಂದಿನಂತೆ ನನಗೆ ಬಾಗಿಲಿನ ಮೇಲೆಯೇ ಬೆಳಗಾಯಿತು. ಬಾಗಿಲಿನ ಮೇಲೆ ಎಂದರೆ ನಿಜವಾಗಿಯೂ ಬಾಗಿಲಿನ ಮೇಲೆ. ಮದರಾಸಿನಲ್ಲಿ ನನ್ನ ಬೆನ್ನಿನ ಆಪರೇಷನ್ ಮಾಡಿದ ಡಾಕ್ಟರು, ಮನೆಗೆ ಕಳಿಸುವಾಗ, ಮೆತ್ತನೆ ಹಾಸಿಗೆ ಬೇಡ, ಹಲಗೆಯ ಮೇಲೆ ಮಲಗಿಸಿ ಎಂದಿದ್ದರು. ಹುಣಸೂರಿನ ನಮ್ಮ ಮನೆಯಲ್ಲಿ ಅಷ್ಟು ಅಗಲದ ಹಲಗೆ ಎಲ್ಲಿಂದ ಬರಬೇಕು? ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ನಮ್ಮ ಯಜಮಾನರು ಸೊಪ್ಪು ತುಂಬುವ ಕೋಣೆಯ ಹಳೆಯ ಬಾಗಿಲನ್ನೇ ಕಳಚಿ ತಂದು ಮಂಚದ ಮೇಲೆ ಹಾಕಿಬಿಟ್ಟರು. ಚಿಲಕ ಕಿತ್ತಿದ್ದರೂ ಅದರ ಗುರುತು ಉಳಿದಿತ್ತು, ಹೊಗೆಸೊಪ್ಪಿನ ಘಾಟೂ ಹೋಗಿರಲಿಲ್ಲ. ಕಣ್ಣು ಬಿಟ್ಟ ಕೂಡಲೇ ನನಗೊಂದು ಸೀನು. ಸೀನಿದ ಕೂಡಲೇ ಅಡುಗೆಮನೆಯಿಂದ ನಮ್ಮತ್ತೆಯ ಕೂಗು.

“ಕಿವೀಗೆ ಹತ್ತಿ ಇಟ್ಕಂಡಿಲ್ವೇನವ್ವಾ? ಸೀತ ಆಯ್ತದೆ ಕಣೆ!”

ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಹಳೇ ಸೀರೆಯ ಬಿಗಿ ಸುತ್ತು, ಊಟಕ್ಕೆ ಮೆಣಸಿನ ಸಾರು, ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ. ಕೊಯ್ದ ಮೈ ಕೂಡಿಕೊಳ್ಳಬೇಕಾದರೆ ನಮ್ಮತ್ತೆಗೆ ಗೊತ್ತಿದ್ದದ್ದು ಒಂದೇ ದಾರಿ, ಬಾಣಂತನ. ಆರು ಹೆರಿಗೆ ಕಂಡವರು, ಅಕ್ಕಪಕ್ಕದ ಇನ್ನೆಷ್ಟೋ ಬಾಣಂತಿಯರಿಗೆ ನೀರೆರೆದವರು. ನನ್ನ ಬೆನ್ನನ್ನೂ ಅದೇ ಸಾಲಿಗೆ ಸೇರಿಸಿಕೊಂಡರು. ಹೊಗೆಯ ವಾಸನೆ ಬೀದಿಗೆಲ್ಲ ಹರಡಿ ಒಂದು ದಿನ ಬಳೆಗಾರ ಜಗಲಿಯ ಮೇಲೆ ಬಳೆಯ ಮಲಾರ ಇಳಿಸಿ, “ಗಂಡೋ ಹೆಣ್ಣೋ ತಾಯೀ?” ಎಂದು ಕೇಳಿದ. ಅತ್ತೆ ಒಂದಿಷ್ಟೂ ನಗದೆ, “ಗಂಡೂ ಅಲ್ಲ, ಹೆಣ್ಣೂ ಅಲ್ಲ, ಬೆನ್ನು ಕಣಪ್ಪ,” ಅಂದರು.

ಹೆಣ್ಣುಮಗು ನನಗೆ ಮೊದಲೇ ಇತ್ತು. ಇನ್ನೂ ಎದೆಗೆ ಅಂಟಿಕೊಂಡು ಮಲಗುವ ವಯಸ್ಸು. ನಾನು ಆಸ್ಪತ್ರೆಗೆ ಹೊರಟಾಗ ಅವಳನ್ನು ಕೃಷ್ಣರಾಜನಗರದ ನನ್ನ ತೌರಿನಲ್ಲಿ ಬಿಟ್ಟಿದ್ದೆವು. ಡಾಕ್ಟರು ಹೇಳಿದ್ದು ಸರಳ. ದಿನಾ ನಡೆಯಿರಿ, ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಬಗ್ಗಬೇಡಿ, ಭಾರ ಎತ್ತಬೇಡಿ. ಎಡಗಾಲು ಎಳೆಯದೆ ನಡೆಯುವಂತಾದರೆ ಮಗುವನ್ನು ಕರೆಸಿಕೊಳ್ಳಿ, ಅವಳೇ ಬಂದು ಪಕ್ಕದಲ್ಲಿ ಕೂರಲಿ. ಅತ್ತೆಗೆ ನಡೆಯುವ ಮಾತೇ ಹಿಡಿಸಲಿಲ್ಲ. ಬಾಣಂತಿ ಎಲ್ಲಾದರೂ ನಡೆಯುತ್ತಾಳೆಯೇ? ಮಗುವಿನ ಮಾತೆತ್ತಿದರೆ, “ಅದು ಹಾರಿ ಸೊಂಟದ್ ಮ್ಯಾಲೆ ಬಿದ್ರೆ ಏನ್ ಮಾಡೀಯೆ?” ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಪರೇಷನ್‌ಗೆ ಮುಂಚೆ ನಾನು ನೋವಿಗೆ ಕಿರುಚಿಕೊಂಡಾಗಲೆಲ್ಲ ನನ್ನ ಕಾಲು ಹಿಡಿದು ಕೂತವರು ಅವರೇ.

ಅತ್ತೆ ಹೊರಗೆ ಹೋದಾಗಲೆಲ್ಲ ನಾನು ಹಿತ್ತಲಿನ ಕರಿಬೇವಿನ ಗಿಡ ಸುತ್ತುತ್ತಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ತಲೆಯ ಮೇಲೆ ಪುಸ್ತಕವಿಟ್ಟು ವರಾಂಡದ ಉದ್ದಕ್ಕೂ ನಡೆಸುತ್ತಿದ್ದರು, ಬೆನ್ನು ನೆಟ್ಟಗಿರಲಿ ಎಂದು. ಆಗ ನಗು ಬರುತ್ತಿತ್ತು. ಈಗ ಪುಸ್ತಕವಿಲ್ಲದಿದ್ದರೂ ಇದೆ ಎಂದುಕೊಂಡೇ ನಡೆದೆ. ಎಡಗಾಲು ದಿನದಿನಕ್ಕೆ ನನ್ನ ಮಾತು ಕೇಳತೊಡಗಿತ್ತು.

ಅವತ್ತು ಬಚ್ಚಲಲ್ಲಿ ಅತ್ತೆ ಹದವಾದ ಬಿಸಿನೀರು ಹೊಯ್ಯುತ್ತಿದ್ದಾಗ ಕೇಳಿಯೇ ಬಿಟ್ಟೆ. “ಅತ್ತೆ, ಬಾಣಂತನ ಮುಗಿದ ಮೇಲೆ ಗಂಗೆ ಪೂಜೆ ಮಾಡಿಸ್ತಾರಲ್ಲ, ನನಗೆ ಯಾವಾಗ?”

ಚೊಂಬು ಅರ್ಧದಲ್ಲೇ ನಿಂತಿತು. “ಅದು ಹೆತ್ತೋಳ್ಗೆ ಕಣವ್ವ. ನೀನೇನು ಹೆತ್ತಿದ್ದೀಯಾ?”

“ಮೆಣಸಿನ ಸಾರು ಕುಡಿಸುವಾಗ ನೀವು ಹಾಗೆ ಕೇಳಲಿಲ್ಲವಲ್ಲ.”

ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಯಜಮಾನರು ಬಾಯಲ್ಲಿದ್ದ ನೀರನ್ನೆಲ್ಲ ಉಗುಳಿ ನಕ್ಕರು. “ಸಿಕ್ಕಾಕ್ಕಂಡೆ ಕಣವ್ವಾ!”

“ನೀ ಸುಮ್ಕಿರ್ಲಾ,” ಅಂದರು ಅತ್ತೆ. ಯೋಚಿಸಿದರು. ಶಾಸ್ತ್ರ ಅರ್ಧಕ್ಕೆ ಬಿಡುವುದು ಅವರಿಂದಾಗದ ಕೆಲಸ. “ಆಯ್ತು, ಹಿತ್ಲು ಬಾವೀಗೆ ಮಾಡ್ಸಾನ ಬುಡು.”

“ಬಾವಿಯಾದರೆ ಹಗ್ಗ ಹಿಡಿದು ನೀರು ಸೇದಬೇಕು. ಡಾಕ್ಟರು ಬೇಡ ಅಂದಿದ್ದಾರೆ. ಹೊಳೆಯಾದರೆ ಒಂದು ಚೊಂಬು ಮೊಗೆದರೆ ಸಾಕು.”

ಲಕ್ಷ್ಮಣತೀರ್ಥ ಹೊಳೆಯ ಸೇತುವೆ ನಮ್ಮ ಮನೆಯಿಂದ ಹತ್ತಿರವೇನಲ್ಲ. ಅಷ್ಟು ದೂರ ನಡೆದು ತೋರಿಸಿ ನಾನು ಕೇಳಲಿರುವುದು ಮಗುವನ್ನೇ ಎಂದು ಅತ್ತೆಗೆ ಗೊತ್ತಾಯಿತು. “ಎಡಗಾಲು ಒಂದ್ ಕಿತ ಎಳದ್ರೂ ಅಲ್ಲಿಂದ್ಲೇ ಜಟಕಾದಲ್ಲಿ ವಾಪಸ್ಸು. ಆಮ್ಯಾಕೆ ದೀಪಾವಳಿ ಗಂಟ ಮಗೀನ ಮಾತು ಎತ್ಬಾರ್ದು. ಒಪ್ಪಿಗೇನಾ?”

ಒಪ್ಪಿದೆ. ದೀಪಾವಳಿ ಬಹಳ ದೂರವಿತ್ತು.

ಜೊತೆಗೊಬ್ಬ ಮುತ್ತೈದೆ ಬೇಕಲ್ಲ, ಎದುರು ಮನೆಯಾಕೆಯನ್ನು ಕರೆದರು. ಆಕೆ ಎರಡು ಎಮ್ಮೆ ಕಟ್ಟಿಕೊಂಡು ನಮ್ಮ ಬೀದಿಗೆಲ್ಲ ಹಾಲು ಹಾಕುತ್ತಿದ್ದಳು. ಮುಂದೆ ನಾನು, ಕೈಯಲ್ಲಿ ಪುಟ್ಟ ಚೊಂಬು. ಹಿಂದೆ ಅವರಿಬ್ಬರು, ಅರಿಶಿನ ಕುಂಕುಮ ಹೂವಿನ ತಟ್ಟೆ. ತಿರುಗಿ ನೋಡದಿದ್ದರೂ ಅತ್ತೆಯ ಕಣ್ಣು ನನ್ನ ಎಡ ಹಿಮ್ಮಡಿಗೇ ಅಂಟಿದೆಯೆಂದು ಗೊತ್ತಾಗುತ್ತಿತ್ತು.

“ದೊಡ್ಡವ್ವಾ, ನಿಮ್ ಸೊಸೆ ತಲೆ ಮ್ಯಾಲೆ ತುಂಬಿದ್ ಬಿಂದಿಗೆ ಹೊತ್ಕಂಡೋರಂಗೆ ನಡೀತಾವ್ರಲ್ಲ!”

“ಬಿಂದಿಗೆ ಅಲ್ಲ, ಪುಸ್ತಕ,” ಅಂದೆ. ಆಕೆಗೆ ಏನೂ ಅರ್ಥವಾಗಲಿಲ್ಲ.

“ಮಾತಾಡ್ದೆ ನಡಿ,” ಅಂದರು ಅತ್ತೆ.

ಸಂತೆಮಾಳದ ಹತ್ತಿರ ಸೊಂಟದಲ್ಲಿ ಸಣ್ಣಗೆ ಬಿಸಿ ಹತ್ತಿತು. ಒಂದು ಹುಣಸೆಮರದ ಕೆಳಗೆ ನಿಂತು, ತಿರುಗಿ ತಟ್ಟೆಯ ಹೂ ಬಾಡಿದೆಯೇ ನೋಡುವ ನೆಪ ಮಾಡಿ ಉಸಿರು ತೆಗೆದುಕೊಂಡೆ. ಹೂ ಬಾಡಿರಲಿಲ್ಲ. ಮತ್ತೆ ಹೊರಟೆ.

ಹೊಳೆಯಲ್ಲಿ ನೀರು ತಿಳಿಯಾಗಿತ್ತು. ಪೂಜೆಯೆಲ್ಲ ಆಗಿ, “ಬಗ್ಗಿ ನೀರು ತಕ್ಕೊ,” ಎಂದು ಅತ್ತೆ ಹೇಳಿದಾಗ ಎಲ್ಲರೂ ಗಕ್ಕನೆ ನಿಂತೆವು. ಬಗ್ಗುವಂತಿಲ್ಲವೆಂಬುದನ್ನು ಮೂವರೂ ಮರೆತಿದ್ದೆವು! ನಾನು ಬೆನ್ನು ನೆಟ್ಟಗಿಟ್ಟೇ ಒಂದು ಮೊಣಕಾಲೂರಿದೆ, ಮತ್ತೊಂದನ್ನೂ ಊರಿದೆ. ಕಾನ್ವೆಂಟಿನ ಪ್ರಾರ್ಥನೆಯಲ್ಲಿ ಕೂರುತ್ತಿದ್ದದ್ದು ಹಾಗೆಯೇ. ಚೊಂಬು ತುಂಬಿತು.

“ಇದ್ಯಾವ ಶಾಸ್ತ್ರ ಕಣವ್ವ?” ಅತ್ತೆ ಕೇಳಿದರು.

“ಇಸ್ಕೂಲಿನ ಶಾಸ್ತ್ರ ಅತ್ತೆ.”

“ಗಂಗವ್ವ ಒಪ್ಕಂಡ್ರೆ ಸರಿ,” ಎಂದು ತೋಳು ಹಿಡಿದು ಎಬ್ಬಿಸಿದರು.

ನಡೆದೇ ಮನೆ ಸೇರಿದೆವು. ಜಟಕಾಗಳು ಎದುರಾದವು, ಅತ್ತೆ ಒಂದನ್ನೂ ನಿಲ್ಲಿಸಲಿಲ್ಲ. ಆದರೆ ಮಗುವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಊಟಕ್ಕೆ ಮೆಣಸಿನ ಸಾರಿನ ಬದಲು ಅವರೆಕಾಳಿನ ಸಾರು ಬಡಿಸಿದರು, ಅಷ್ಟೆ. ಮಧ್ಯಾಹ್ನ ಎದುರು ಮನೆಗೆ ಹೋಗಿ ಬಂದರು. ನಾನು ನನ್ನ ಬಾಗಿಲಿನ ಮೇಲೆ ಮಲಗಿ ಕಾದೆ. ಎಲ್ಲಾದರೂ ಕಾಲು ಎಳೆದಂತೆ ಕಂಡಿತೇ, ಮರದಡಿ ನಿಂತದ್ದು ಲೆಕ್ಕಕ್ಕೆ ಬಂತೇ ಎಂದೆಲ್ಲ ಕೊರಗಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯಾಕೆ ಹಾಲಿನ ತಂಬಿಗೆ ಹಿಡಿದು ಬಂದಳು. ಮಗು ತೌರಿಗೆ ಹೋದಂದಿನಿಂದ ನಮ್ಮ ಮನೆಗೆ ಅರ್ಧ ಸೇರು ಹಾಲು ಕಡಿಮೆಯಾಗಿತ್ತು. ಎಂದಿನಂತೆ ಅತ್ತೆಯ ಪಾತ್ರೆಗೆ ಸುರಿದು, ಹೊಸಿಲು ದಾಟುತ್ತಾ ಅಂದಳು:

“ದೊಡ್ಡವ್ವಾ, ನಾಳೆ ಸಂಜೆಯಿಂದ ಅರ್ಧ ಸೇರು ಜಾಸ್ತಿ ಅಂದ್ರಲ್ಲ, ಮಗೀಗೆ ಕಾಯಿಸೋವಾಗ ನೀವು ನೀರು ಬೆರೆಸ್ಬ್ಯಾಡಿ, ನಾನೇ ಬೆರೆಸಿರ್ತೀನಿ.”