ಬಣ್ಣದ ಕೈಯಲ್ಲಿ ಹೆಣ್ಣು ನೋಡಲು ಹೋದದ್ದು

ಮೊದಲೇ ಹೇಳಿಬಿಡುತ್ತೇನೆ, ಪೆದ್ದತನ ನನ್ನದೇ. ೧೯೮೪ರ ಬೇಸಿಗೆ. ಮಧ್ಯಾಹ್ನ ಖಾನಾಪುರಕ್ಕೆ ಹೆಣ್ಣು ನೋಡಲು ಹೋಗಬೇಕಿದ್ದ ದಿನವೇ, ಅವ್ವ ಬೇಡವೆಂದರೂ ಕೇಳದೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದೆ.

ಬೆಳಗಾವಿಯ ಅನಗೋಳದಲ್ಲಿ ನನ್ನದೊಂದು ಸಣ್ಣ ಪೇಂಟಿಂಗ್ ಅಂಗಡಿ. ಹೆಲ್ಮೆಟ್‌ಗಳ ಮೇಲೆ ಸುಳಿಸುಳಿ ಚಿತ್ತಾರ ಮೂಡಿಸುವುದರಲ್ಲಿ ನನಗೆ ಸ್ವಲ್ಪ ಹೆಸರಿತ್ತು. ಅದಕ್ಕೆ ಬ್ರಷ್ ಬೇಡ. ಡ್ರಮ್ಮಿನ ತುಂಬ ನೀರು, ಅದರ ಮೇಲೆ ತೆಳ್ಳಗೆ ಮಾಡಿದ ಎನಾಮಲ್ ಬಣ್ಣದ ಹನಿಗಳು. ಎಣ್ಣೆಯ ಬಣ್ಣವಾದ್ದರಿಂದ ನೀರಿನಲ್ಲಿ ಬೆರೆಯದೆ ಹಾಲಿನ ಕೆನೆಯಂತೆ ಮೇಲೆ ಹರಡುತ್ತದೆ. ಕಡ್ಡಿಯಿಂದ ಒಂದೆರಡು ಗೆರೆ ಎಳೆದು ಸಾಮಾನನ್ನು ನಿಧಾನವಾಗಿ ಮುಳುಗಿಸಿದರೆ ಚಿತ್ತಾರವೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ಆದರೆ ಮೇಲೆತ್ತುವ ಮೊದಲು, ನೀರಿನ ಮೇಲೆ ಉಳಿದ ಬಣ್ಣವನ್ನು ಬದಿಗೆ ಸರಿಸಬೇಕು. ಇಲ್ಲದಿದ್ದರೆ ಮುಳುಗಿಸಿದವನ ಕೈಗೂ ಅದೇ ಚಿತ್ತಾರ.

ಕಂಡವರ ಮಾತು, ನಡಿಗೆ ಅಣಕಿಸುವುದು ನನ್ನ ಚಟ. ಹೆಲ್ಮೆಟ್ ಕೊಟ್ಟಿದ್ದ ಗುಮಾಸ್ತರು ಮೂಗಿನಲ್ಲಿ ಮಾತಾಡುವುದನ್ನು ಬಾಜು ಅಂಗಡಿಯ ಗೆಳೆಯನಿಗೆ ತೋರಿಸುತ್ತಿದ್ದೆ: "ತಮ್ಮಾ, ತಲಿ ಒಳಗ ಏನಿಲ್ಲಂದ್ರೂ ನಡದೀತು, ಮ್ಯಾಲ ಡಿಜೈನ್ ಇರಬೇಕ ನೋಡು." ಗೆಳೆಯ ಹೊಟ್ಟೆ ಹಿಡಿದು ನಕ್ಕ. ನನಗೂ ನಗು ಬಂತು, ಹೆಲ್ಮೆಟ್ ಕೈಜಾರಿ ಡ್ರಮ್ಮಿಗೆ ಬಿತ್ತು. ಹಿಡಿಯಲು ಎರಡೂ ಕೈಗಳನ್ನು ಮೊಣಕೈವರೆಗೆ ಹಾಕಿದೆ. ಹೆಲ್ಮೆಟ್ ಚೆಂದ ಬಂತು. ಕೈಗಳು ಅದಕ್ಕಿಂತ ಚೆಂದ ಬಂದವು: ಹಸಿರು, ಕೆಂಪು ಸುಳಿ, ನಡುವೆ ಕಪ್ಪು ಗೆರೆ.

ಸೀಮೆಎಣ್ಣೆ ಹಾಕಿ ತಿಕ್ಕಿದೆ. ಅಂಗೈ, ಬೆರಳಿನದು ಹೋಯಿತು, ಮಣಿಕಟ್ಟಿನಿಂದ ಮೇಲಿನದು ಮಸುಕಾಗಿ ಇನ್ನೂ ವಿಕಾರವಾಯಿತು. "ಮಾರಿಗೂ ಬಡಕೊಂಡಿದ್ರ ಜೋಡಿ ಆಗತಿತ್ತಲ್ಲೋ," ಎಂದಳು ಅವ್ವ. ಅವಳ ಸಿಟ್ಟಿಗೆ ಕಾರಣವಿತ್ತು. ಹಿಂದಿನ ಸಂಬಂಧ, ನಾನು ಹುಡುಗಿಯ ಅಪ್ಪನ ಕೆಮ್ಮನ್ನು ಅಣಕಿಸಿದ್ದಕ್ಕೇ ಮುರಿದಿತ್ತು. ಈ ಸಲ ಯಾರನ್ನೂ ಅಣಕಿಸುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

ಆ ಬಿಸಿಲಲ್ಲಿ ತುಂಬು ತೋಳಿನ ಅಂಗಿ ತೊಟ್ಟು ಅವ್ವನ ಜೊತೆ ಬಸ್ ಹತ್ತಿದೆ. ಹಿಂದಿನ ಸೀಟಿನವರು ಸೀಮೆಎಣ್ಣೆಯ ವಾಸನೆಗೆ ಮೂಗು ಮುಚ್ಚಿಕೊಂಡು, "ಯಾರ್ರೀ ಅದು ಚಿಮಣಿ ಎಣ್ಣಿ ಡಬ್ಬಿ ತಂದಾವ್ರು, ಮುಚ್ಚಳಾ ಬಿಗಿ ಮಾಡ್ರಿ," ಎಂದರು. ನಾನು ಬಾಯಿ ಬಿಗಿ ಮಾಡಿಕೊಂಡೆ.

ಖಾನಾಪುರದ ಆ ಮನೆಯಲ್ಲಿ ಅಜ್ಜಿಯದೇ ಯಜಮಾನಿಕೆ. ಕೈಕಾಲು ತೊಳೆಯಲು ನೀರು ಕೊಟ್ಟರು. ನಾನು ಬೆರಳ ತುದಿ ನೆನೆಸಿ ಮುಗಿಸಿದೆ.

"ತಮ್ಮಾ, ಬಿಸಲಾಗ ಬಂದಿ, ತೋಳ ಏರಿಸಿ ಬರೋಬ್ಬರಿ ತೊಳಕೋ," ಎನ್ನುತ್ತ ಅಜ್ಜಿ ತಾವೇ ನನ್ನ ತೋಳು ಮೇಲೆ ಸರಿಸಿದರು. ಚಸ್ಮಾ ಏರಿಸಿ ನೋಡಿದರು. "ಇದು ಹುಟ್ಟಾ ಐತೋ, ಆಮ್ಯಾಲ ಬಂತೋ?"

"ಬಣ್ಣರೀ ಅದು, ಅಂಗಡ್ಯಾಂದು," ಎಂದಳು ಅವ್ವ.

"ಬಣ್ಣ ಆದ್ರ ನೀರಿಗೆ ಹೋಗಬೇಕಲ್ಲವಾ?"

"ನೀರಾಗನ ಹತ್ತಿದ್ದರೀ ಆಯಿ," ಎಂದೆ ನಾನು.

"ನೀರಾಗ ಹತ್ತೂ ಬಣ್ಣ ನೀರಿಗೆ ಹೋಗೂದಿಲ್ಲಂತ. ಕೇಳ್ರಿ ಮಾತು."

ಅವ್ವ ಸೆರಗು ಸರಿಮಾಡಿಕೊಂಡು ಏಳುವ ಸಿದ್ಧತೆಯಲ್ಲಿದ್ದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಸುಮಂಗಲಾ, "ಹಂಗಾದ್ರ ಮಾಡಿ ತೋರಸಲಿ ಆಯಿ. ಬಾಗಲಕ್ಕ ಹಚ್ಚಿದ ಬಣ್ಣ ಉಳದೈತಿ," ಎಂದಳು. ತಾನೇ ಬಣ್ಣದ ಡಬ್ಬಿ, ಬಕೆಟ್ಟು ನೀರು, ಎರಡು ಹೊಸ ಕುಡಿಕೆ ತಂದಿಟ್ಟಳು.

ಬಣ್ಣಕ್ಕೆ ಸೀಮೆಎಣ್ಣೆ ಬೆರೆಸಿ ಹನಿ ಬಿಟ್ಟೆ, ಕಡ್ಡಿ ಆಡಿಸಿದೆ, ಕುಡಿಕೆ ಮುಳುಗಿಸಿ ಎತ್ತಿದೆ. ಮಣ್ಣಿನ ಮೇಲೆ ಹಸಿರು ಅಲೆಗಳು. ನನ್ನ ಬೆರಳ ಮೇಲೂ. "ಎಲಾ ಇವನ," ಎಂದು ಅಜ್ಜಿ ಬಕೆಟ್ಟಿನ ಹತ್ತಿರವೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಎರಡನೆಯ ಕುಡಿಕೆಯನ್ನು ಸುಮಂಗಲಾ ಮುಳುಗಿಸಿದಳು. ಯಾರೂ ಹೇಳದೆಯೇ, ನೀರಿನ ಮೇಲೆ ಉಳಿದ ಬಣ್ಣವನ್ನು ಉಫ್ ಎಂದು ಊದಿ ಬದಿಗೆ ಸರಿಸಿ ಎತ್ತಿದಳು. ಅವಳ ಕೈ ಸ್ವಚ್ಛ.

"ನಿಮ್ಮ ಅಂಗಡ್ಯಾಗ ಊದೂ ಪದ್ಧತಿ ಇಲ್ಲೇನ್ರಿ?" ಎಂದು ಕೇಳಿದಳು.

ಎಲ್ಲರೂ ನಕ್ಕರು. ಆ ಖುಷಿಯಲ್ಲಿ ನನಗೆ ಆಣೆ ಮರೆತೇಹೋಯಿತು. ಇಲ್ಲದ ಚಸ್ಮಾ ಏರಿಸಿ, ಕುಡಿಕೆಯನ್ನು ಕಣ್ಣಿನ ಹತ್ತಿರ ಹಿಡಿದು, ಅಜ್ಜಿಯದೇ ದನಿಯಲ್ಲಿ, "ಇದು ಹುಟ್ಟಾ ಐತೋ, ಆಮ್ಯಾಲ ಬಂತೋ?" ಎಂದೆ.

ಅವ್ವ ಕಣ್ಣು ಮುಚ್ಚಿಕೊಂಡಳು. ಅಜ್ಜಿ ಮೊಮ್ಮಗಳ ಕಡೆ ತಿರುಗಿ, "ನನ್ನ ಮುಂದನ ನನ್ನ ಅಣಕಸ್ತಾನ. ಏನ ಹೇಳೂಣವಾ ಇವರಿಗೆ?" ಎಂದು ಕೇಳಿದರು.

ಆ ಗಳಿಗೆ ನೆನೆದರೆ ಈಗಲೂ ನಗು ಬರುತ್ತದೆ. ಊರನ್ನೆಲ್ಲ ಅಣಕಿಸುವವನಿಗೆ ಉತ್ತರ ಕೊಡುವವರು ಮನೆಯಲ್ಲೇ ಒಬ್ಬರಿರಬೇಕು ಎಂದು ನನಗೆ ಅಂದೇ ತಿಳಿಯಿತು. ಸುಮಂಗಲಾ ಕುಡಿಕೆಯನ್ನು ಕೆಳಗಿಟ್ಟು, ನನ್ನ ಕಡೆ ನೋಡದೆ, ನಮ್ಮ ಅವ್ವನಿಗೆ ಹೇಳಿದಳು:

"ಕೈ ನಾ ತಿಕ್ಕಿ ತೊಳೀತೀನ್ರಿ ಅತ್ತಿ, ಬಾಯಿ ಮಾತ್ರ ನೀವ ತೊಳದ ಕೊಡ್ರಿ."