ಆಯಿಲ್ ಪೈಪು ಬಿಚ್ಚದ ಮೇಸ್ತ್ರಿ

ಗ್ಯಾರೇಜುಗಳ ಆ ಸಾಲಿನಲ್ಲಿ ಮೇಸ್ತ್ರಿ ಎಂದರೆ ಅವನೊಬ್ಬನೇ. ಉಳಿದವರೂ ಸ್ಪ್ಯಾನರ್ ಹಿಡಿಯುವವರೇ, ಆದರೆ ಜನರ ಬಾಯಲ್ಲಿ ಅವರು ಪೇಂಟಿನವನು, ಬ್ಯಾಟರಿಯವನು, ಲೇತಿನವನು. ಅವನ ಕೈ ಚೆನ್ನಾಗಿ ಪಳಗಿತ್ತು. ಜೊತೆಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಕೆಲಸ ಕೆಟ್ಟರೆ ತಪ್ಪು ಬೋಲ್ಟಿನದು, ಬೋಲ್ಟ್ ಮಾರಿದವನದು, ಗಾಡಿ ಓಡಿಸಿದವನದು. ತನ್ನದೂ ಇರಬಹುದು ಎಂಬ ಅನುಮಾನ ಆ ಕಡೆ ಸುಳಿದಿದ್ದೇ ಇಲ್ಲ.

ಅವನ ಅಕ್ಕ ಲಾಂಡ್ರಿ ನಡೆಸುತ್ತಿದ್ದಳು. ಗುಡ್ಡದ ಮೇಲಿನ ಆಸ್ಪತ್ರೆಯ ಚಾದರಗಳನ್ನು ಒಗೆದು, ಇಸ್ತ್ರಿ ಮಾಡಿ, ತನ್ನ ಹಳೆಯ ಡೀಸೆಲ್ ವ್ಯಾನಿನಲ್ಲಿ ತಾನೇ ಮುಟ್ಟಿಸುತ್ತಿದ್ದಳು. ವ್ಯಾನಿಗೆ ವಯಸ್ಸಾಗಿತ್ತು, ಏರು ಬಂದರೆ ಉಸಿರು ಕಟ್ಟುತ್ತಿತ್ತು. "ಸೈಕಲ್ ತಳ್ಕೊಂಡು ಹೋಗೋನೂ ನನ್ನ ದಾಟಿ ಹೋಗ್ತಾನೆ ಕಣೋ, ಹೋಗ್ತಾ ಹೋಗ್ತಾ ಚೆನ್ನಾಗಿದ್ದೀರಾ ಅಂತ ಬೇರೆ ಕೇಳ್ತಾನೆ" ಎಂದು ಅವಳು ದೂರಿದಾಗ, ಮೇಸ್ತ್ರಿಗೆ ಒಂದು ಹುಮ್ಮಸ್ಸು ಬಂತು. ಈ ಎಂಜಿನ್ನಿಗೆ ಟರ್ಬೊ ಕೂರಿಸುತ್ತೇನೆ ಎಂದ. ಹೊರಹೋಗುವ ಹೊಗೆಯ ರಭಸಕ್ಕೇ ತಿರುಗಿ, ಎಂಜಿನ್ನಿನೊಳಗೆ ಹೆಚ್ಚು ಗಾಳಿ ತುರುಕುವ ಯಂತ್ರ ಅದು. ಆ ವ್ಯಾನ್ ಹುಟ್ಟುವಾಗ ಅದರ ಹಣೆಯಲ್ಲಿ ಟರ್ಬೊ ಬರೆದಿರಲಿಲ್ಲ. ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಿತ್ತು.

ಟರ್ಬೊ ಸಿಕ್ಕಿದ್ದು ದೊಡ್ಡಣ್ಣನ ಗುಜರಿಯಲ್ಲಿ. ದೊಡ್ಡಣ್ಣ ಯಾರಿಗೂ ಅಣ್ಣನಲ್ಲ, ಸಾಲಿನಲ್ಲಿ ಎಲ್ಲರಿಗಿಂತ ಹಿರಿಯ, ಅಷ್ಟೇ. ಒಡೆದ ಗಾಡಿಗಳ ಬಿಡಿಭಾಗಗಳನ್ನು ತೊಳೆದು, ಕಬ್ಬಿಣದ ಕಪಾಟುಗಳಲ್ಲಿ ಜೋಡಿಸಿಟ್ಟು ಮಾರುವುದು ಅವರ ಕಸುಬು. ಕಣ್ಣು ಮಂಜಾಗಿತ್ತು. ಆದರೆ ಟರ್ಬೊದ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಇದು ಬದುಕಿದೆ, ಇದು ಸತ್ತಿದೆ ಎಂದು ಹೇಳಿಬಿಡುತ್ತಿದ್ದರು. ಮೇಸ್ತ್ರಿಗೆ ಕೊಟ್ಟದ್ದನ್ನೂ ಹಾಗೆಯೇ ನೋಡಿ ಕೊಟ್ಟಿದ್ದರು.

ಟರ್ಬೊದ ಶಾಫ್ಟು ಆಯಿಲಿನ ತೆಳು ಪದರದ ಮೇಲೆ ತೇಲಿಕೊಂಡೇ ತಿರುಗಬೇಕು. ಆಯಿಲ್ ತಪ್ಪಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಸವೆದುಹೋಗುತ್ತದೆ. ಅದಕ್ಕಾಗಿ ಮೇಸ್ತ್ರಿ ಎಂಜಿನ್ನಿನ ಪಕ್ಕದಲ್ಲಿದ್ದ ಆಯಿಲಿನ ಒತ್ತಡ ಅಳೆಯುವ ಸ್ವಿಚ್ಚನ್ನು ಬಿಚ್ಚಿ, ಆ ತೂತಿಗೆ ಮೂರು ಬಾಯಿಯ ಜೋಡಣೆ ಹಾಕಿದ. ಒಂದು ಬಾಯಿ ಎಂಜಿನ್ನಿಗೆ, ಒಂದಕ್ಕೆ ಮತ್ತೆ ಅದೇ ಸ್ವಿಚ್ಚು, ಇನ್ನೊಂದರಿಂದ ಟರ್ಬೊದ ತಲೆಗೆ ಸಣ್ಣ ಸ್ಟೀಲ್ ಪೈಪು. ಕೆಲಸ ಅಂದವಾಗಿಯೇ ಬಂದಿತ್ತು. ಆದರೆ ಪೈಪು ಸೇರುವ ಬಾಯಲ್ಲಿ ತಿರುಪಿನ ಸುತ್ತು, ಅಂದರೆ ಮರೆ, ಸ್ವಲ್ಪ ಸಡಿಲವಾಗಿ, ಆಯಿಲ್ ಜಿನುಗುತ್ತಿತ್ತು. ಸರಿಯಾದ ಜೋಡಣೆ ಬೇಕಿದ್ದರೆ ಲೇತಿನವನ ಬಳಿ ಹೋಗಿ ಕಾಯಬೇಕು. ಹೊರಗೆ ಅಕ್ಕ ಚಾದರದ ಗಂಟುಗಳ ಪಕ್ಕ ನಿಂತು ಗಡಿಯಾರ ನೋಡುತ್ತಿದ್ದಳು. ಮೇಸ್ತ್ರಿ ನೀರಿನ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಮರೆಗೆ ಸುತ್ತಿ ಬಿಗಿದ. ಆಯಿಲ್ ಹರಿಯುವ ಕಡೆ ಆ ಟೇಪು ಹಾಕಬಾರದು ಎಂದು ಬೇರೆಯವರಿಗೆ ಬೈದು ಹೇಳಿದ್ದವನೇ ಅವನು. ಜಿನುಗುವುದು ನಿಂತಿತು.

ವ್ಯಾನು ಏರನ್ನು ಹಾಡುತ್ತಾ ಹತ್ತಿತು. ಕೆಲವೇ ದಿನ. ಆಮೇಲೆ ಸಿಳ್ಳೆ ಹೊಡೆಯತೊಡಗಿತು, ಹಿಂದಿನಿಂದ ನೀಲಿ ಹೊಗೆ ಬಂತು. ಮೇಸ್ತ್ರಿ ಟರ್ಬೊ ಕಳಚಿ ನೋಡಿದರೆ ಶಾಫ್ಟು ಸಡಿಲ ಹಲ್ಲಿನಂತೆ ಆಡುತ್ತಿತ್ತು. ಇನ್ನೇನೂ ನೋಡಲಿಲ್ಲ. ಪೈಪನ್ನು ಟರ್ಬೊದಿಂದ ಬೇರ್ಪಡಿಸಿದ್ದಷ್ಟೇ, ಬಿಚ್ಚಿ ಒಳಗೆ ನೋಡಲಿಲ್ಲ. ಟರ್ಬೊವನ್ನು ಕೈಯಲ್ಲಿ ಹಿಡಿದು ನೆಟ್ಟಗೆ ಗುಜರಿಗೆ ನಡೆದ.

ಅಲ್ಲಿ ಟೀ ಹೊತ್ತು. ಪೇಂಟಿನವನು, ಬ್ಯಾಟರಿಯವನು, ಲೇತಿನವನು, ಎಲ್ಲರೂ ಇದ್ದರು. ಮೇಸ್ತ್ರಿ ಬಾಯಿಗೆ ಬಂದದ್ದೆಲ್ಲ ಅಂದ. ಸತ್ತ ಮಾಲನ್ನು ಒರೆಸಿ ಮಾರುತ್ತೀರಿ ಎಂದ, ಸ್ವಂತ ಅಕ್ಕನೆದುರು ತಲೆ ತಗ್ಗಿಸುವ ಹಾಗೆ ಮಾಡಿದಿರಿ ಎಂದ. ಕೊನೆಗೆ, ಅನ್ನಬಾರದ ಒಂದು ಮಾತನ್ನೂ ಅಂದ. "ಕಣ್ಣು ಹೋಗಿದೆ ಅಂತ ಗೊತ್ತಿತ್ತು ದೊಡ್ಡಣ್ಣ, ಕೈಯೂ ಹೋಗಿದೆ ಅಂತ ಇವತ್ತು ಗೊತ್ತಾಯ್ತು."

ದೊಡ್ಡಣ್ಣ ಟರ್ಬೊವನ್ನು ಈಸಿಕೊಂಡು ಶಾಫ್ಟನ್ನು ಅಲ್ಲಾಡಿಸಿ ನೋಡಿದರು, ಮತ್ತೊಮ್ಮೆ ನೋಡಿದರು. ಕಪಾಟಿನಿಂದ ಇನ್ನೊಂದನ್ನು ತೆಗೆದು ಅವನ ಕೈಗಿತ್ತರು. ಲೆಕ್ಕದ ಮೇಜಿನಲ್ಲಿ ಕೂತಿದ್ದ ಅವರ ಮಗಳು ಮಾತ್ರ ಮೇಸ್ತ್ರಿಯನ್ನೇ ದಿಟ್ಟಿಸಿದಳು.

ಎರಡನೆಯದೂ ಸಿಳ್ಳೆ ಹಾಕಿತು.

ಅದನ್ನು ಕಳಚದೆಯೇ, ಅದೇ ಕೋಪದಲ್ಲಿ ಅವನು ಗುಜರಿಗೆ ಹೊರಡುತ್ತಿದ್ದಾಗ ಅಕ್ಕ ಬಾಗಿಲಲ್ಲಿ ಅಡ್ಡ ನಿಂತಳು. ಅವಳಿಗೆ ಎಂಜಿನ್ನಿನ ಗಂಧವೂ ಇರಲಿಲ್ಲ, ಕಲೆ ಹೋಗದ ಬಟ್ಟೆಯ ಅನುಭವ ಇತ್ತು.

"ಒಂದೇ ಕಲೆ ಎರಡು ಬಟ್ಟೆ ಮೇಲೆ ಬಂದ್ರೆ ನಾನು ಬಟ್ಟೆ ಬಯ್ಯಲ್ಲಪ್ಪ, ತೊಟ್ಟಿ ನೋಡ್ತೀನಿ. ಎರಡಕ್ಕೂ ನೀನು ಹಾಕಿದ್ದು ಅದೇ ಪೈಪ್ ತಾನೆ?"

ಮೇಸ್ತ್ರಿ ರೇಗಿದ. ಆದರೂ ಸ್ಪ್ಯಾನರ್ ಎತ್ತಿಕೊಂಡ, ಅವಳ ಬಾಯಿ ಮುಚ್ಚಿಸಲೆಂದೇ. ಪೈಪಿನ ಟರ್ಬೊ ಕಡೆಯ ಬೋಲ್ಟನ್ನು ಬಿಚ್ಚಿ, ಆಯಿಲ್ ಹಾಯುವ ಅದರ ನಡುವಿನ ಸಣ್ಣ ತೂತನ್ನು ಬೆಳಕಿಗೆ ಹಿಡಿದ. ಬೆಳಕು ಕಾಣಲಿಲ್ಲ. ತಂತಿಯಿಂದ ಕೆದಕಿದರೆ, ಆಯಿಲಿನಲ್ಲಿ ನೆಂದು ಕಂದು ಬಣ್ಣವಾಗಿದ್ದ ಟೇಪಿನ ಎಳೆಗಳು ಮುದ್ದೆಯಾಗಿ ಹೊರಬಂದವು. ಮರೆಯ ಅಂಚಿನಲ್ಲಿ ಹರಿದ ಚೂರುಗಳು ಆಯಿಲಿನೊಂದಿಗೆ ಹರಿದು ಹೋಗಿ ಅಲ್ಲಿ ಕೂತಿದ್ದವು. ಎರಡು ಒಳ್ಳೆಯ ಟರ್ಬೊಗಳನ್ನು ಅವನೇ ಬಾಯಾರಿಸಿ ಕೊಂದಿದ್ದ.

ಅಕ್ಕ ಆ ಮುದ್ದೆಯನ್ನು ನೋಡಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.  ಗುಜರಿಯಲ್ಲಿ ತಾನಂದ ಕೊನೆಯ ಮಾತು ಅಕ್ಷರ ಅಕ್ಷರವೂ ನೆನಪಾಯಿತು.

ಅಂದೇ ಗುಜರಿಗೆ ಹೋಗಿ ತಪ್ಪೊಪ್ಪಬೇಕಿತ್ತು, ಹೋದ ಕೂಡ. ಆದರೆ ದೊಡ್ಡಣ್ಣನ ಮಗಳ ಮುಖ ಕಂಡದ್ದೇ ಧೈರ್ಯ ಹೋಯಿತು. ಏನು ಬೇಕು ಎಂದು ಅವಳು ಕೇಳಿದಾಗ ಒಂದು ತಾಮ್ರದ ವಾಷರ್ ಎಂದುಬಿಟ್ಟ. ಟರ್ಬೊಗಳಿದ್ದ ಕಪಾಟು ಖಾಲಿಯಾಗಿತ್ತು. ಎಲ್ಲಿ ಹೋದವು ಎಂದು ಮೆಲ್ಲಗೆ ಕೇಳಿದ. ಅಪ್ಪ ಎಲ್ಲವನ್ನೂ ತೂಕಕ್ಕೆ ಹಾಕಿಬಿಟ್ಟರು, ಈಗ ಬಾಗಿಲು, ಬಂಪರು, ಸೀಟು, ಇಷ್ಟೇ ಮಾರೋದು ಎಂದಳು. "ಕೈ ಮೇಲೆ ನಂಬಿಕೆ ಇಲ್ಲ ಅಂತಾರೆ. ಚೊಂಬು ಹಿಡಿಯೋವಾಗಲೂ ಎರಡು ಸಲ ನೋಡ್ಕೋತಾರೆ." ಅವಳು ಚುಚ್ಚಲೆಂದು ಹೇಳಿದ್ದೋ, ಸುಮ್ಮನೆ ಹೇಳಿದ್ದೋ ತಿಳಿಯಲಿಲ್ಲ. ಮೇಸ್ತ್ರಿ ವಾಷರನ್ನು ಮುಷ್ಟಿಯಲ್ಲಿ ಹಿಡಿದು ವಾಪಸು ಬಂದ. ತನ್ನ ಮೇಲೆ ಅವನಿಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಟೀ ಹೊತ್ತಿಗೇ ಹೋದ. ಎಲ್ಲರೂ ಇರಲಿ ಎಂದು ಬೇಕೆಂದೇ ಆ ಹೊತ್ತು ಆರಿಸಿದ್ದ. ಅಂಗಳಕ್ಕೆ ಕಾಲಿಟ್ಟ ಮೇಲೆ ಯಾರೂ ಇಲ್ಲದಿದ್ದರೆ ಚೆನ್ನಿತ್ತು ಅನ್ನಿಸಿತು. ಬೋಲ್ಟನ್ನೂ ಟೇಪಿನ ಮುದ್ದೆಯನ್ನೂ ದೊಡ್ಡಣ್ಣನ ಅಂಗೈಯಲ್ಲಿಟ್ಟ.

"ನಿಮ್ಮ ಮಾಲು ಚೆನ್ನಾಗಿತ್ತು ದೊಡ್ಡಣ್ಣ, ಎರಡೂ. ಆಯಿಲ್ ಹೋಗೋ ದಾರಿನ ನಾನೇ ಮುಚ್ಚಿದ್ದೆ. ಪೈಪ್ ಬಿಚ್ಚಿ ನೋಡದೇ ಬಂದು ನಿಮ್ಮನ್ನ ಬೈದೆ."

ದೊಡ್ಡಣ್ಣ ಆ ಮುದ್ದೆಯನ್ನು ಹೆಬ್ಬೆರಳಲ್ಲಿ ತಿಕ್ಕಿದರು.

"ಟೇಪು" ಎಂದರು. ಮತ್ತೊಮ್ಮೆ ತಿಕ್ಕಿ ಕೇಳಿದರು, "ಹಂಗಾದ್ರೆ ನಾನು ಕೊಟ್ಟಾಗ ಶಾಫ್ಟು ಆಡ್ತಿರಲಿಲ್ಲ ಅಲ್ವಾ?"

"ಇಲ್ಲ."

"ನಾನು ದಿನಾ ಅದನ್ನೇ ಯೋಚನೆ ಮಾಡ್ತಿದ್ದೆ. ಕೊಡೋವಾಗ ಆಡ್ತಿತ್ತೇನೋ, ನನಗೇ ಗೊತ್ತಾಗಲಿಲ್ವೇನೋ ಅಂತ."

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ಮೇಸ್ತ್ರಿಗೆ ಕೇಳುವ ಮುಖವೂ ಇರಲಿಲ್ಲ. ಪೇಂಟಿನವನು ಟೀ ಲೋಟದೊಳಗೆ ನಕ್ಕ. ಲೇತಿನವನು ನಗಲಿಲ್ಲ. ಅವತ್ತು ನನ್ನ ಹತ್ತಿರ ಬಂದಿದ್ದರೆ ಅರ್ಧ ಗಂಟೆಯ ಕೆಲಸ ಎಂದಷ್ಟೇ ಅಂದ, ಅದು ನಗುವಿಗಿಂತ ಹೆಚ್ಚು ನಾಟಿತು.

ಹೊಸ ಜೋಡಣೆಯನ್ನು ಆ ಲೇತಿನವನೇ ಮಾಡಿಕೊಟ್ಟ. ಈ ಸಲ ಟೇಪಿಲ್ಲ, ಕೂಡುವಲ್ಲೆಲ್ಲ ತಾಮ್ರದ ವಾಷರು. ಮೇಸ್ತ್ರಿ ಪೈಪನ್ನು ಡೀಸೆಲಿನಲ್ಲಿ ತೊಳೆದು, ಗಾಳಿ ಹೊಡೆದು, ತುದಿಯನ್ನು ಡಬ್ಬಿಗೆ ಬಿಟ್ಟು, ಆಯಿಲ್ ಧಾರೆಯಾಗಿ ಬೀಳುವವರೆಗೆ ಎಂಜಿನ್ ತಿರುಗಿಸಿ ನೋಡಿದ. ಮೂರನೆಯ ಟರ್ಬೊವನ್ನು ಬೇರೆ ಊರಿನಿಂದ ತರಿಸಬೇಕಾಯಿತು. ಕೂರಿಸುವ ಮೊದಲು ಅದನ್ನು ದೊಡ್ಡಣ್ಣನ ಬಳಿ ಒಯ್ದು ನೋಡಿಕೊಡಿ ಎಂದ. ಅವರು ಬೇಡ ಎಂದರು. ಮೇಸ್ತ್ರಿ ಚಾಚಿದ ಕೈ ಹಿಂತೆಗೆಯದಿದ್ದಾಗ ತಾವೂ ಕೈ ಚಾಚಿದರು. ಬದುಕಿದೆ ಎಂದರು, ಆಮೇಲೆ ಮಗಳ ಕಡೆ ತಿರುಗಿ ನೀನೂ ಒಮ್ಮೆ ನೋಡಮ್ಮ ಎಂದರು. ಹಿಂದೆ ಅವರು ಯಾರನ್ನೂ ಹೀಗೆ ಕೇಳಿದವರಲ್ಲ. ಮೇಸ್ತ್ರಿ ನೆಲ ನೋಡುತ್ತಾ ನಿಂತ.

ವ್ಯಾನು ಈಗ ಆಸ್ಪತ್ರೆಯ ಏರನ್ನು ಸಲೀಸಾಗಿ ಹತ್ತುತ್ತದೆ. ಅಕ್ಕ ಸಿಕ್ಕಸಿಕ್ಕವರಲ್ಲಿ ತಮ್ಮನ ಕೈಗುಣ ಹೊಗಳುತ್ತಾಳೆ. ಹೊಗಳಿಕೆ ಶುರುವಾದರೆ ಮೇಸ್ತ್ರಿ ಏನಾದರೂ ನೆಪ ಹೇಳಿ ಗಾಡಿಯಡಿ ನುಸುಳಿಬಿಡುತ್ತಾನೆ. ದೊಡ್ಡಣ್ಣನ ಮಗಳು ಅವನೊಂದಿಗೆ ಆಡುವುದು ಬೇಕಾದಷ್ಟೇ ಮಾತು, ಅದೂ ಬೇರೆ ಕಡೆ ನೋಡಿಕೊಂಡು. ಅವನು ಬೇಸರಪಡುವುದಿಲ್ಲ.